ಎಂಬತ್ತರ ಗೆರೆ: ಪ್ರೋಗ್ರಾಮಿನ ಒಂದು ಸಾಲು ಎಷ್ಟು ಉದ್ದ ಇರಬೇಕು?

ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು ‘ಕೈಟ್’ ಎಂಬ ಹೆಸರು ಪಡೆಯಿತು. ಈ ಅವಧಿಯಲ್ಲಿ ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೂ ಲಿನಕ್ಸ್ ಬಂತು, ಅದರ ಹಿಂದೆಯೇ ಪೈಥಾನ್ ಭಾಷೆಯೂ ಬಂತು. ಪೈಥಾನ್ ಕಲಿತ ಮಕ್ಕಳು ಸ್ವಲ್ಪ ಮುಂದೆ ಹೋದರೆ ಒಂದು ವಿಚಿತ್ರ ನಿಯಮ ಎದುರಾಗುತ್ತದೆ: ಒಂದು ಸಾಲಿನಲ್ಲಿ 79 ಅಕ್ಷರಗಳಿಗಿಂತ ಹೆಚ್ಚು ಇರಬಾರದು. 79 ಯಾಕೆ? 75 ಯಾಕಲ್ಲ? 100 ಯಾಕಲ್ಲ? ಸಾಲು ಉದ್ದವಾದರೆ ಪ್ರೋಗ್ರಾಂ ಓಡುವುದಿಲ್ಲವೇ?

ಓಡುತ್ತದೆ. ಗಣಕಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಹಾಗಾದರೆ ನಿಯಮ ಯಾರಿಗಾಗಿ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನಾವು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಒಂದು ನಿಯಮ ಹೇಗೆ ಹುಟ್ಟುತ್ತದೆ, ಹುಟ್ಟಿದ ಕಾರಣ ಸತ್ತ ಮೇಲೂ ಹೇಗೆ ಬದುಕುತ್ತದೆ, ಬದುಕಲು ಹೊಸ ಕಾರಣಗಳನ್ನು ಹೇಗೆ ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ಸೊಗಸಾದ ಉದಾಹರಣೆ ಸಿಗುವುದು ಅಪರೂಪ. ಅದಕ್ಕಾಗಿಯೇ ಈ ಬರಹ.

ಬರವಣಿಗೆಯ ಸಾಲಿನ ಉದ್ದವನ್ನು ಮೊದಲು ನಿಶ್ಚಯಿಸಿದ್ದು ಬರೆಯುವವನಲ್ಲ, ಬರೆಯುವ ವಸ್ತು. ತಾಳೆಗರಿಯಲ್ಲಿ ಸಾಲು ಉದ್ದವಾಗಿರುವುದು, ಸಾಲುಗಳ ಸಂಖ್ಯೆ ಕಡಿಮೆ ಇರುವುದು ಕವಿಯ ಇಷ್ಟದಿಂದಲ್ಲ. ತಾಳೆಮರದ ಗರಿ ಇರುವುದೇ ಹಾಗೆ. ಶಾಸನ ಕೆತ್ತಿದವರಿಗೆ ಕಲ್ಲಿನ ಅಗಲವೇ ಗಡಿ. ಕಲ್ಲು ಮುಗಿದಲ್ಲಿ ಪದ ಅರ್ಧವಾಗಿದ್ದರೂ ಚಿಂತೆಯಿಲ್ಲ, ಉಳಿದದ್ದು ಕೆಳಗಿನ ಸಾಲಿಗೆ ಇಳಿಯುತ್ತದೆ. ನಮ್ಮ ಹಳೆಯ ಶಾಸನಗಳನ್ನು ಓದುವವರು ಮೊದಲು ಕಲಿಯಬೇಕಾದ ಪಾಠಗಳಲ್ಲಿ ಇದೂ ಒಂದು. ಗಣಕದ ಕತೆಯೂ ಹೀಗೆಯೇ ಶುರುವಾಗುತ್ತದೆ. ಆದರೆ ಅಲ್ಲಿ ಗರಿಯ ಬದಲು ಇದ್ದದ್ದು ರಟ್ಟಿನ ಚೀಟಿ.

1880ರ ಅಮೆರಿಕದ ಜನಗಣತಿಯ ಲೆಕ್ಕ ಮುಗಿಯಲು ಸುಮಾರು ಎಂಟು ವರ್ಷ ಹಿಡಿಯಿತು. ಮುಂದಿನ ಜನಗಣತಿ ಬರುವವರೆಗೂ ಹಿಂದಿನದರ ಕೂಡು-ಕಳೆ ನಡೆಯುತ್ತಿದ್ದರೆ ಏನು ಗತಿ? ಹರ್ಮನ್ ಹಾಲರಿತ್ ಎಂಬ ಎಂಜಿನಿಯರ್ ಇದಕ್ಕೆ ಪರಿಹಾರ ಕಂಡುಹಿಡಿದರು. ಒಬ್ಬ ವ್ಯಕ್ತಿಯ ವಿವರಗಳನ್ನು ಒಂದು ಚೀಟಿಯಲ್ಲಿ ತೂತುಗಳಾಗಿ ಕೊರೆಯುವುದು, ತೂತು ಇರುವಲ್ಲಿ ವಿದ್ಯುತ್ ಹರಿಯುವಂತೆ ಮಾಡಿ ಯಂತ್ರದಿಂದಲೇ ಎಣಿಸುವುದು. 1890ರ ಜನಗಣತಿಯಲ್ಲಿ ಈ ಪಂಚ್ ಕಾರ್ಡುಗಳು ಬಳಕೆಯಾದವು. ಹಾಲರಿತ್ 1896ರಲ್ಲಿ ಸ್ಥಾಪಿಸಿದ ಕಂಪನಿ 1911ರಲ್ಲಿ ಬೇರೆ ಕಂಪನಿಗಳ ಜೊತೆ ಸೇರಿಕೊಂಡಿತು. ಹಾಗೆ ಸೇರಿ ಆದ ಕಂಪನಿ 1924ರಲ್ಲಿ ಐಬಿಎಂ ಎಂಬ ಹೆಸರು ತಾಳಿತು.

ಆಗಿನ ಕಾರ್ಡುಗಳಲ್ಲಿ ತೂತುಗಳು ದುಂಡಗಿದ್ದವು, ಕಾಲಂಗಳು 45. ವ್ಯಾಪಾರಸ್ಥರಿಗೆ ಅದೇ ಕಾರ್ಡಿನಲ್ಲಿ ಇನ್ನಷ್ಟು ಮಾಹಿತಿ ತುಂಬಬೇಕಿತ್ತು. ಕಾರ್ಡಿನ ಗಾತ್ರ ಬದಲಿಸಿದರೆ ಎಲ್ಲರ ಪೆಟ್ಟಿಗೆ, ಕಪಾಟು, ಯಂತ್ರ ಬದಲಾಗಬೇಕು. 1928ರಲ್ಲಿ ಐಬಿಎಂ ಒಂದು ಉಪಾಯ ಮಾಡಿತು. ದುಂಡಗಿನ ತೂತಿನ ಬದಲು ನೆಟ್ಟಗೆ ನಿಂತ ಸಣ್ಣ ಆಯತಾಕಾರದ ತೂತು. ಆಯತ ಕಡಿಮೆ ಅಗಲ ತೆಗೆದುಕೊಳ್ಳುತ್ತದೆ, ಆದ್ದರಿಂದ ಅದೇ ಗಾತ್ರದ ಕಾರ್ಡಿನಲ್ಲಿ 80 ಕಾಲಂ ಹಿಡಿಯಿತು. ಕಾರ್ಡಿನ ಅಳತೆ ಸುಮಾರು 187 ಮಿಲಿಮೀಟರ್ ಉದ್ದ, 83 ಮಿಲಿಮೀಟರ್ ಎತ್ತರ. ಒಂದು ಕಾಲಂಗೆ ಒಂದು ಅಕ್ಷರ ಅಥವಾ ಅಂಕಿ. ಪ್ರತಿಸ್ಪರ್ಧಿ ಕಂಪನಿ ರೆಮಿಂಗ್ಟನ್ ರ‍್ಯಾಂಡ್ 90 ಕಾಲಂಗಳ ಕಾರ್ಡು ತಂದಿತ್ತು. ಮಾರುಕಟ್ಟೆಯಲ್ಲಿ ಗೆದ್ದದ್ದು ಐಬಿಎಂ. ಅದು ಸೋತಿದ್ದರೆ ಇವತ್ತು ನಾವು ಬಹುಶಃ ‘ತೊಂಬತ್ತರ ಗೆರೆ’ ಎಂದು ಬರೆಯುತ್ತಿದ್ದೆವು! 80 ಎಂಬ ಸಂಖ್ಯೆಯಲ್ಲಿ ಗಣಿತದ ರಹಸ್ಯ ಏನೂ ಇಲ್ಲ. ರಟ್ಟು ಹರಿಯದಂತೆ ಎಷ್ಟು ತೂತು ಕೊರೆಯಬಹುದು ಎಂಬುದಷ್ಟೇ ಅದರ ಮೂಲ.

ಗಮನಿಸಿ, 1928ರಲ್ಲಿ ‘ಪ್ರೋಗ್ರಾಮಿನ ಸಾಲು’ ಎಂಬುದೇ ಇರಲಿಲ್ಲ. ಅದು ಬಂದದ್ದು ಸುಮಾರು ಮೂವತ್ತು ವರ್ಷಗಳ ನಂತರ. 1957ರಲ್ಲಿ ಐಬಿಎಂ 704 ಗಣಕಕ್ಕಾಗಿ ಫೋರ್ಟ್ರಾನ್ ಭಾಷೆ ಬಿಡುಗಡೆಯಾಯಿತು. ಒಂದು ಕಾರ್ಡಿಗೆ ಪ್ರೋಗ್ರಾಮಿನ ಒಂದು ಸಾಲು. ಆದರೆ 80 ಕಾಲಂಗಳನ್ನೂ ಬಳಸುವಂತಿರಲಿಲ್ಲ. ಮೊದಲ ಐದು ಕಾಲಂ ಹೇಳಿಕೆಯ ಸಂಖ್ಯೆಗೆ. ಆರನೆಯದು ‘ಇದು ಹಿಂದಿನ ಸಾಲಿನ ಮುಂದುವರಿಕೆ’ ಎಂದು ಸೂಚಿಸಲು. 7ರಿಂದ 72ರವರೆಗೆ ಹೇಳಿಕೆ. 73ರಿಂದ 80ರವರೆಗೆ ಇರುವುದನ್ನು ಗಣಕ ಓದುವುದೇ ಇಲ್ಲ. 704ರಲ್ಲಿ ಒಂದು ಪದದ ಅಳತೆ 36 ಬಿಟ್. ಅದರ ಕಾರ್ಡ್ ರೀಡರ್ ಕಾರ್ಡಿನ ಒಂದು ಅಡ್ಡಸಾಲನ್ನು ಎರಡು ಪದಗಳಾಗಿ ತೆಗೆದುಕೊಳ್ಳುತ್ತಿತ್ತು. ಎರಡು ಮೂವತ್ತಾರು ಎಪ್ಪತ್ತೆರಡು. ಉಳಿದ ಎಂಟು ಕಾಲಂ ಯಂತ್ರಕ್ಕೆ ಬೇಡವಾಯಿತು.

ಬೇಡವಾದ ಜಾಗವನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಅಲ್ಲಿ ಕಾರ್ಡಿನ ಕ್ರಮಸಂಖ್ಯೆ ಪಂಚ್ ಮಾಡತೊಡಗಿದರು. ಸಾವಿರ ಸಾಲಿನ ಪ್ರೋಗ್ರಾಂ ಎಂದರೆ ಸಾವಿರ ಕಾರ್ಡುಗಳ ಕಟ್ಟು. ಕೈತಪ್ಪಿ ನೆಲಕ್ಕೆ ಬಿದ್ದರೆ ಅಷ್ಟೂ ಚೆಲ್ಲಾಪಿಲ್ಲಿ. ಕ್ರಮಸಂಖ್ಯೆ ಇದ್ದರೆ ವಿಂಗಡಿಸುವ ಯಂತ್ರಕ್ಕೆ ಹಾಕಿ ಮತ್ತೆ ಸರಿಪಡಿಸಬಹುದು. ಅದಿಲ್ಲದವರು ಕಟ್ಟಿನ ಮೇಲ್ಭಾಗದಲ್ಲಿ ಓರೆಯಾಗಿ ಒಂದು ಗೆರೆ ಎಳೆದಿಡುತ್ತಿದ್ದರು. ಗೆರೆ ಮುರಿದಲ್ಲಿ ಕಾರ್ಡು ಸ್ಥಾನ ತಪ್ಪಿದೆ ಎಂದು ಅರ್ಥ.

ಆ ಕಾಲದಲ್ಲಿ ಸಾಲಿನ ಮಿತಿ ಎಂದರೆ ಶಿಸ್ತಿನ ಮಾತಲ್ಲ, ಸರಿ-ತಪ್ಪಿನ ಮಾತು. ಒಂದು ಹೇಳಿಕೆಯ ಕೊನೆಯಲ್ಲಿ 1500 ಎಂಬ ಸಂಖ್ಯೆ ಇದೆ ಎಂದಿಟ್ಟುಕೊಳ್ಳಿ. ಅದರ ಕೊನೆಯ ಎರಡು ಸೊನ್ನೆಗಳು 73 ಮತ್ತು 74ನೇ ಕಾಲಂಗಳಿಗೆ ಬಿದ್ದರೆ ಗಣಕ 15 ಎಂದು ಓದುತ್ತದೆ. ತಪ್ಪು ಎಂದು ಹೇಳುವುದೂ ಇಲ್ಲ, ಏಕೆಂದರೆ 15 ಎನ್ನುವುದೂ ಸರಿಯಾದ ಸಂಖ್ಯೆಯೇ. ಸಾಲು ದಾಟಿದವನಿಗೆ ಶಿಕ್ಷೆ ಸದ್ದಿಲ್ಲದೆ ಆಗುತ್ತಿತ್ತು.

ನಮ್ಮ ದೇಶಕ್ಕೂ ಈ ಕಾರ್ಡುಗಳ ಪರಿಚಯವಿದೆ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಗಣಕ ಬಂತು. ಅಲ್ಲಿ ಕಲಿಸಿದ ಪ್ರೊಫೆಸರ್ ವಿ. ರಾಜಾರಾಮನ್ ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಫೋರ್ಟ್ರಾನ್ ಪಾಠಪುಸ್ತಕಗಳನ್ನು ಓದಿ ಗಣಕ ಕಲಿತ ಒಂದು ತಲೆಮಾರೇ ನಮ್ಮಲ್ಲಿದೆ. ಆ ತಲೆಮಾರಿನವರಿಗೆ ‘ಏಳನೇ ಕಾಲಂನಿಂದ ಶುರು’ ಎಂದರೆ ಮಗ್ಗಿಯಷ್ಟೇ ಬಾಯಿಪಾಠ.

ಕಾರ್ಡಿನಿಂದ ಪರದೆಗೆ 80 ಹೇಗೆ ದಾಟಿತು? ನಡುವೆ ಒಂದು ಘಟ್ಟ ಇದೆ. 1963ರ ಟೆಲಿಟೈಪ್ ಮಾಡೆಲ್ 33 ಯಂತ್ರದಲ್ಲಿ ಕಾಗದದ ಮೇಲೆ ಒಂದು ಸಾಲಿಗೆ 72 ಅಕ್ಷರ ಬೀಳುತ್ತಿತ್ತು. ಡಿಜಿಟಲ್ ಕಂಪನಿಯ ಮೊದಲ ಪರದೆ ವಿಟಿ05 ಬಂದದ್ದು 1970ರಲ್ಲಿ. ಅದರಲ್ಲೂ 72 ಕಾಲಂ. ಆದರೆ ಐಬಿಎಂ ಗಿರಾಕಿಗಳ ಹತ್ತಿರ ಇದ್ದ ಮಾಹಿತಿಯೆಲ್ಲ 80 ಕಾಲಂಗಳ ಕಾರ್ಡಿನಲ್ಲಿ. ಒಂದು ಕಾರ್ಡನ್ನು ಒಂದೇ ಸಾಲಿನಲ್ಲಿ ತೋರಿಸದ ಪರದೆ ಅವರಿಗೆ ಯಾಕೆ ಬೇಕು? 1971ರ ಐಬಿಎಂ 3270 ಸರಣಿಯಲ್ಲಿ 80 ಕಾಲಂ, 24 ಸಾಲುಗಳ ಪರದೆ ಬಂತು. 1975ರ ವಿಟಿ52, 1978ರ ವಿಟಿ100 ಇದೇ ಅಳತೆಯನ್ನು ಹಿಡಿದವು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರಲ್ಲಿ 80 ಕಾಲಂ, 25 ಸಾಲು. ಇವತ್ತಿಗೂ ನಮ್ಮ ಶಾಲೆಯ ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದರೆ ಸಾಮಾನ್ಯವಾಗಿ ಬರುವುದು 80ಕ್ಕೆ 24ರ ಕಿಟಕಿ. ಅಂದರೆ 1928ರ ರಟ್ಟಿನ ಚೀಟಿ ನಮ್ಮ ಎಲ್‌ಸಿಡಿ ಪರದೆಯ ಮೇಲೆ ಇನ್ನೂ ಕುಳಿತಿದೆ.

ಯಂತ್ರದ ಮಿತಿ ಸಡಿಲವಾದಂತೆ ಭಾಷೆಗಳೂ ಸಡಿಲವಾದವು. ಫೋರ್ಟ್ರಾನ್ 90ರಲ್ಲಿ ಕಾಲಂ ಲೆಕ್ಕವಿಲ್ಲದ ಮುಕ್ತ ರೂಪ ಬಂತು, ಸಾಲಿಗೆ 132 ಅಕ್ಷರಗಳ ಮಿತಿ. 132 ಎಂಬುದು ಐಬಿಎಂ 1403ರಂತಹ ಹಳೆಯ ಲೈನ್ ಪ್ರಿಂಟರುಗಳ ಅಗಲವೂ ಹೌದು. ಅದೇ ಭಾಷೆಯ 2023ರ ಆವೃತ್ತಿಯಲ್ಲಿ ಮಿತಿ 10,000 ಅಕ್ಷರ. 72ರಿಂದ ಹತ್ತು ಸಾವಿರಕ್ಕೆ! ಗಣಕದ ಕಡೆಯಿಂದ ಅಡ್ಡಿ ಪೂರ್ತಿ ಹೋಯಿತು ಎಂದೇ ಲೆಕ್ಕ.

ಇಲ್ಲಿಂದ ಕತೆ ತಿರುಗುತ್ತದೆ. ಯಂತ್ರ ಹಾಕಿದ ಬೇಲಿ ಬಿದ್ದುಹೋದ ಮೇಲೆ ಮನುಷ್ಯರು ಅದೇ ಜಾಗದಲ್ಲಿ ತಾವೇ ಬೇಲಿ ಹಾಕಿಕೊಂಡರು. ಯಾಕೆ?

ಲಿನಕ್ಸ್ ಕರ್ನಲ್ ಅನ್ನು ತೆಗೆದುಕೊಳ್ಳೋಣ. ಜಗತ್ತಿನ ಸಾವಿರಾರು ಮಂದಿ ಸೇರಿ ಬರೆಯುವ ತಂತ್ರಾಂಶ ಅದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು. ಅದರ ಬರವಣಿಗೆಯ ಶೈಲಿಗೆ ಒಂದು ಕೈಪಿಡಿ ಇದೆ. ಅದರಂತೆ ಒಳಸರಿಸುವ ಟ್ಯಾಬ್ ಒಂದಕ್ಕೆ 8 ಅಕ್ಷರದ ಜಾಗ, ಸಾಲಿನ ಮಿತಿ 80. ಈ ಎರಡು ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದರ ಜಾಣತನ ತಿಳಿಯುತ್ತದೆ. ಒಂದು ಷರತ್ತಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಎಂದು ಐದು ಹಂತ ಒಳಗೆ ಹೋದರೆ 40 ಕಾಲಂ ಖಾಲಿ ಜಾಗಕ್ಕೇ ಹೋಯಿತು. ಉಳಿದ 40ರಲ್ಲಿ ಏನು ಬರೆಯುವುದು? ಹಾಗೆ ಸಿಕ್ಕಿಬಿದ್ದವನು ಸಾಲನ್ನು ಮುರಿಯುವ ಬದಲು ತನ್ನ ಯೋಚನೆಯನ್ನೇ ಸರಳ ಮಾಡಲಿ, ಒಂದು ಭಾಗವನ್ನು ಬೇರೆ ಫಂಕ್ಷನ್ ಆಗಿ ಬಿಡಿಸಲಿ ಎಂಬುದು ಉದ್ದೇಶ. ಪ್ರಬಂಧದಲ್ಲಿ ಅರ್ಧ ಪುಟದ ವಾಕ್ಯ ಬರೆದ ಮಗುವಿಗೆ ನಾವು ‘ಎರಡು ವಾಕ್ಯ ಮಾಡು’ ಎನ್ನುವುದಿಲ್ಲವೇ, ಹಾಗೆ.

ಪೈಥಾನ್ ಭಾಷೆಯ ನಿಯಮಾವಳಿ ‘ಪೆಪ್ 8’ ಹೊರಬಂದದ್ದು 2001ರ ಜುಲೈಯಲ್ಲಿ. ಭಾಷೆಯ ಕರ್ತೃ ಗೀಡೊ ಫಾನ್ ರಾಸಮ್, ಬ್ಯಾರಿ ವಾರ್ಸಾ ಮೊದಲಾದವರು ಬರೆದದ್ದು. ಅದರಲ್ಲಿ 80 ಅಲ್ಲ, 79. ಯಾಕೆಂದರೆ 80 ಕಾಲಂ ಅಗಲದ ಕಿಟಕಿಯಲ್ಲಿ ಸಾಲು ಪೂರ್ತಿ ತುಂಬಿದರೆ ಕೆಲವು ಸಂಪಾದಕ ತಂತ್ರಾಂಶಗಳು ಕೊನೆಯ ಕಾಲಂನಲ್ಲಿ ‘ಸಾಲು ಮುಂದುವರಿದಿದೆ’ ಎಂಬ ಗುರುತು ಹಾಕುತ್ತವೆ. ಒಂದು ಅಕ್ಷರ ಬಿಟ್ಟರೆ ಆ ಕಿರಿಕಿರಿ ಇಲ್ಲ. ವಿವರಣೆಯ ಸಾಲುಗಳಿಗೆ ಮಿತಿ 72. ಇನ್ನೊಂದು ಕಾರಣವನ್ನೂ ಅದು ಕೊಡುತ್ತದೆ: ಸಾಲು ಗಿಡ್ಡವಿದ್ದರೆ ಎರಡು ಕಡತಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸಿ ಓದಬಹುದು. ಹಳೆಯದು ಎಡಗಡೆ, ತಿದ್ದಿದ್ದು ಬಲಗಡೆ. ತಪ್ಪು ಹುಡುಕುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಉತ್ತರಪತ್ರಿಕೆ ತಿದ್ದುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬೇಲಿಯಿಂದ ತೊಂದರೆಯೂ ಆಯಿತು. 80ರೊಳಗೆ ತುರುಕಲು ಜನ ಹೆಸರುಗಳನ್ನು ಕತ್ತರಿಸಿದರು. ‘ಒಟ್ಟು_ಅಂಕ’ ಎಂದಿರಬೇಕಾದದ್ದು ‘ಒಅಂ’ ಆಯಿತು. ಬರೆದವನಿಗೇ ಮುಂದಿನ ವರ್ಷ ಅರ್ಥವಾಗದು. ಇನ್ನೊಂದು ತೊಂದರೆ ಇನ್ನೂ ಗಂಭೀರ. ತಂತ್ರಾಂಶ ಕೆಟ್ಟಾಗ ಪರದೆಯ ಮೇಲೆ ಒಂದು ಸಂದೇಶ ಬರುತ್ತದೆ. ದುರಸ್ತಿ ಮಾಡುವವನು ಆ ಸಂದೇಶವನ್ನೇ ಹಿಡಿದು ಲಕ್ಷಾಂತರ ಸಾಲುಗಳಲ್ಲಿ ಹುಡುಕುತ್ತಾನೆ. ಬರೆದವನು ನಿಯಮ ಪಾಲಿಸಲು ಆ ಸಂದೇಶವನ್ನು ನಡುವೆ ಮುರಿದು ಎರಡು ಸಾಲು ಮಾಡಿದ್ದರೆ ಹುಡುಕಾಟದಲ್ಲಿ ಅದು ಸಿಗುವುದೇ ಇಲ್ಲ. ಅದಕ್ಕೇ ಲಿನಕ್ಸ್ ಕೈಪಿಡಿ ಒಂದು ವಿನಾಯಿತಿ ಇಟ್ಟಿತು: ಬಳಕೆದಾರರಿಗೆ ಕಾಣುವ ಸಂದೇಶವನ್ನು ಎಷ್ಟೇ ಉದ್ದವಾದರೂ ಮುರಿಯಬಾರದು. ಓದುವವರ ಅನುಕೂಲಕ್ಕೆ ಮಾಡಿದ ನಿಯಮ ಓದುವವರಿಗೇ ಅಡ್ಡ ಬಂದರೆ ನಿಯಮ ದಾರಿ ಬಿಡಬೇಕು ಎಂಬ ವಿವೇಕ ಇದರಲ್ಲಿದೆ.

2020ರ ಮೇ ತಿಂಗಳಲ್ಲಿ ಲಿನಕ್ಸ್‌ನ ಮೂಲಪುರುಷ ಲೀನಸ್ ಟೊರ್ವಾಲ್ಡ್ಸ್ ಈ ಚರ್ಚೆಗೆ ಕೈಹಾಕಿದರು. ಈಗ ಎಲ್ಲರ ಹತ್ತಿರ ಅಗಲವಾದ ಪರದೆ ಇದೆ, 80ಕ್ಕಾಗಿ ಸಾಲುಗಳನ್ನು ವಿಪರೀತ ಮುರಿಯುವುದರಿಂದ ಓದಲೂ ಹುಡುಕಲೂ ಕಷ್ಟವಾಗುತ್ತಿದೆ ಎಂಬುದು ಅವರ ವಾದ. ತಪ್ಪು ತೋರಿಸುವ ಪರೀಕ್ಷಕ ಕಾರ್ಯಕ್ರಮದಲ್ಲಿ ಎಚ್ಚರಿಕೆಯ ಮಿತಿಯನ್ನು 80ರಿಂದ 100ಕ್ಕೆ ಏರಿಸಲಾಯಿತು. ಆದರೆ ಕೈಪಿಡಿಯಲ್ಲಿ 80 ಅಳಿಸಿಹೋಗಲಿಲ್ಲ. ‘ಮೇಲಾಗಿ 80’ ಎಂದು ಉಳಿಯಿತು, ದಾಟಿದರೆ ಓದಲು ಸುಲಭವಾಗುತ್ತದೆ ಎಂದಾದರೆ ದಾಟಬಹುದು. ಕಟ್ಟಳೆಯಾಗಿದ್ದದ್ದು ಸಲಹೆಯಾಯಿತು.

ಪೈಥಾನ್ ಬಳಗ ಅದಕ್ಕೂ ಮೊದಲೇ, 2013ರಲ್ಲಿ, ಒಂದು ರಾಜಿಗೆ ಬಂದಿತ್ತು. ತಂಡದವರೆಲ್ಲ ಒಪ್ಪಿದರೆ 99ರವರೆಗೆ ಹೋಗಬಹುದು, ಆದರೆ ಭಾಷೆಯ ಜೊತೆ ಬರುವ ಮೂಲ ಗ್ರಂಥಾಲಯಕ್ಕೆ 79 ಖಾಯಂ. 2018ರಲ್ಲಿ ಬಂದ ‘ಬ್ಲ್ಯಾಕ್’ ಎಂಬ ಸಾಧನ ಪ್ರೋಗ್ರಾಮನ್ನು ತಾನೇ ಜೋಡಿಸಿ ಕೊಡುತ್ತದೆ. ಅದರ ಮಿತಿ 88, ಅಂದರೆ 80ಕ್ಕೆ ಹತ್ತು ಶೇಕಡ ಹೆಚ್ಚು. 2009ರಲ್ಲಿ ಪ್ರಕಟವಾದ ಗೋ ಭಾಷೆಯವರು ಮಾತ್ರ ಯಾವ ಮಿತಿಯನ್ನೂ ಇಡಲಿಲ್ಲ. ಪಂಚ್ ಕಾರ್ಡು ತುಂಬಿ ಹರಿಯುತ್ತದೆಂಬ ಹೆದರಿಕೆ ಬೇಡ ಎಂದು ಅವರ ಮಾರ್ಗದರ್ಶಿ ತಮಾಷೆಯಾಗಿಯೇ ಹೇಳುತ್ತದೆ. 79, 80, 88, 99, 100, ಮಿತಿಯೇ ಇಲ್ಲ — ಎಲ್ಲರೂ ಆ ರಟ್ಟಿನ ಚೀಟಿಯ ಜೊತೆಯೇ ಮಾತಾಡುತ್ತಿದ್ದಾರೆ ನೋಡಿ. ಒಪ್ಪುವವರೂ ಅದನ್ನೇ ನೆನೆಯುತ್ತಾರೆ, ಒಪ್ಪದವರೂ ಅದನ್ನೇ ನೆನೆಯುತ್ತಾರೆ.

ಈಗ ನಮಗೆ ತೀರಾ ಹತ್ತಿರದ ಪ್ರಶ್ನೆ. 80 ‘ಅಕ್ಷರ’ ಎಂದರೆ ಏನು?

ಇಂಗ್ಲಿಷಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಒಂದು ಅಕ್ಷರ, ಒಂದು ಕಾಲಂ, ಒಂದು ತೂತಿನ ಸಾಲು, ಒಂದು ಬೈಟ್, ಎಲ್ಲ ಒಂದೇ. ಕನ್ನಡದಲ್ಲಿ ಹಾಗಲ್ಲ. ಯುನಿಕೋಡ್‌ನಲ್ಲಿ ‘ಕನ್ನಡ’ ಎಂಬ ಪದವನ್ನು ಇಡುವುದು ಹೀಗೆ: ಕ, ನ, ವಿರಾಮ ಚಿಹ್ನೆ, ನ, ಡ. ನಾವು ಓದುವುದು ಮೂರು ಅಕ್ಷರ, ಗಣಕದ ಎಣಿಕೆಯಲ್ಲಿ ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ 3 ಬೈಟ್, ಆದ್ದರಿಂದ ಒಟ್ಟು 15 ಬೈಟ್. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಗಣಕಕ್ಕೆ 6 ಸಂಕೇತ, 18 ಬೈಟ್. ‘ವಿದ್ಯಾರ್ಥಿಗಳು’ ಎಂಬುದು ನಮಗೆ ಐದು ಅಕ್ಷರ. ಸಂಕೇತ 13, ಬೈಟ್ 39. ಬೈಟ್ ಎಣಿಸುವ ಸಾಧನದ ಕೈಗೆ ಸಿಕ್ಕರೆ ‘ವಿದ್ಯಾರ್ಥಿಗಳು ವಿದ್ಯಾರ್ಥಿಗಳು’ ಎಂದು ಎರಡು ಸಲ ಬರೆಯುವಷ್ಟರಲ್ಲಿ ನಡುವಿನ ಖಾಲಿ ಜಾಗವೂ ಸೇರಿ ಸರಿಯಾಗಿ 79 ಆಯಿತು. ಸಾಲು ಮುಗಿಯಿತು!

ಎಸ್‌ಎಂಎಸ್ ಕಳಿಸಿದ ಎಲ್ಲರೂ ಇದರ ರುಚಿ ಕಂಡಿದ್ದೇವೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಸಂಕೇತ. ಕಾಗುಣಿತ, ಒತ್ತಕ್ಷರ ಎಲ್ಲ ಆ 70ರೊಳಗೆ. ಯಾರೂ ಕನ್ನಡದ ಮೇಲೆ ದ್ವೇಷದಿಂದ ಹೀಗೆ ಮಾಡಿದ್ದಲ್ಲ. ಅಳತೆಗೋಲು ಮಾಡಿದವರ ಎದುರು ಇದ್ದದ್ದು ಅವರ ಭಾಷೆ ಮಾತ್ರ, ಅಷ್ಟೇ. ಗಡಿಯಾಚೆ ಕುಳಿತು ಕನ್ನಡದಲ್ಲಿ ಕಲಿಸುವ ನಮಗೆ ಇದು ಹೊಸ ಅನುಭವ ಅಲ್ಲ. ನಮೂನೆಯ ಅಚ್ಚು ಬೇರೆಯವರ ಕೈಯಲ್ಲಿ ಆಗಿರುತ್ತದೆ, ನಮ್ಮ ಹೆಸರು ಆ ಚೌಕಗಳಿಗೆ ಹಿಡಿಸುವುದಿಲ್ಲ.

ಇದು ಬರೀ ತಾತ್ವಿಕ ಮಾತಲ್ಲ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ‘ಅಂಕಗಳು = 35’ ಎಂದು ಬರೆದರೆ ಗಣಕ ಒಪ್ಪುತ್ತದೆ. ಹಾಗೆ ಬರೆದ ಮಗುವಿನ ಸಾಲು ಪರದೆಯ ಮೇಲೆ ಗಿಡ್ಡವಾಗಿಯೇ ಕಂಡರೂ ಪರೀಕ್ಷಿಸುವ ಸಾಧನ ‘ಮಿತಿ ಮೀರಿದೆ’ ಎನ್ನಬಹುದು. ಆಗ ಮಗು ತನ್ನ ಭಾಷೆಯೇ ಉದ್ದ, ತನ್ನ ಭಾಷೆಯೇ ಅಡ್ಡಿ ಎಂದುಕೊಂಡರೆ? ಅಲ್ಲ ಮಗೂ, ಅಳೆಯುವ ಕೋಲು ನಿನ್ನ ಭಾಷೆಗೆ ಮಾಡಿದ್ದಲ್ಲ ಎಂದು ಹೇಳುವವರು ಬೇಕು. ಅದನ್ನು ಹೇಳಬೇಕಾದರೆ ಕೋಲಿನ ಚರಿತ್ರೆ ಗೊತ್ತಿರಬೇಕು.

ಹಾಗಾದರೆ ಮಿತಿಯೇ ಬೇಡವೇ? ನಮ್ಮ ಅಭಿಪ್ರಾಯದಲ್ಲಿ ಬೇಕು. ತರಗತಿಯಲ್ಲಿ ಪ್ರೊಜೆಕ್ಟರ್ ಹಚ್ಚಿ ಪ್ರೋಗ್ರಾಂ ತೋರಿಸುವ ಯಾವ ಶಿಕ್ಷಕರನ್ನೂ ಕೇಳಿ ನೋಡಿ. ಹಿಂದಿನ ಬೆಂಚಿಗೂ ಕಾಣುವಷ್ಟು ಅಕ್ಷರ ದೊಡ್ಡದು ಮಾಡಿದರೆ ಒಂದು ಸಾಲಿನಲ್ಲಿ ಹಿಡಿಸುವುದು ಎಷ್ಟು? 100 ಅಂತೂ ಅಲ್ಲ. ದೃಷ್ಟಿ ಮಂದವಿರುವ ಮಗುವಿಗೆ ಇನ್ನೂ ದೊಡ್ಡ ಅಕ್ಷರ ಬೇಕು. ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಫಲಕಗಳಲ್ಲಿ ಸಾಮಾನ್ಯವಾಗಿ 40 ಅಥವಾ 80 ಮನೆಗಳು ಇರುತ್ತವೆ. ಸಾಲು ಅದಕ್ಕಿಂತ ಉದ್ದವಾದರೆ ಅವರು ತುಂಡು ತುಂಡಾಗಿ ಓದಬೇಕು. ‘ಈಗ ಎಲ್ಲರ ಹತ್ತಿರ ಅಗಲ ಪರದೆ ಇದೆ’ ಎಂಬ ಮಾತಿನ ‘ಎಲ್ಲರೂ’ ಯಾರು ಎಂದು ಕೇಳಬೇಕಾದದ್ದು ಇಲ್ಲಿಯೇ. ಪತ್ರಿಕೆಯವರು ದೊಡ್ಡ ಹಾಳೆಯಲ್ಲೂ ಸುದ್ದಿಯನ್ನು ಸಣ್ಣ ಕಾಲಂಗಳಲ್ಲಿ ಹಾಕುವುದು ಕಾಗದ ಇಲ್ಲದೆ ಅಲ್ಲ. ಒಂದು ಸಾಲಿನ ತುದಿಯಿಂದ ಮುಂದಿನ ಸಾಲಿನ ಮೊದಲಿಗೆ ಮರಳುವಾಗ ಕಣ್ಣು ದಾರಿ ತಪ್ಪಬಾರದು, ಅದಕ್ಕೆ.

ಆದ್ದರಿಂದ ಮಕ್ಕಳ ಪ್ರಾಜೆಕ್ಟ್ ಕೆಲಸಕ್ಕೆ ನಾವು ಹೇಳುವುದು ಇಷ್ಟು. ನಾಲ್ಕು ಮಂದಿ ಸೇರಿ ಬರೆಯುವುದಾದರೆ ಮೊದಲ ದಿನವೇ ಒಂದು ಸಂಖ್ಯೆಯನ್ನು ಒಪ್ಪಿಕೊಳ್ಳಿ. 79 ಆದರೂ ಸರಿ, 88 ಆದರೂ ಸರಿ. ಸಂಖ್ಯೆಗಿಂತ ಒಪ್ಪಂದ ದೊಡ್ಡದು. ಸಾಲು ಹಿಡಿಸದಿದ್ದರೆ ಹೆಸರನ್ನು ಕತ್ತರಿಸಬೇಡಿ, ಯೋಚನೆಯನ್ನು ಬಿಡಿಸಿ. ಸಂದೇಶಗಳನ್ನು ಮುರಿಯಬೇಡಿ. ಕನ್ನಡ ಇರುವ ಸಾಲುಗಳಲ್ಲಿ ಸಾಧನದ ಎಣಿಕೆಯನ್ನು ನಂಬಬೇಡಿ, ಕಣ್ಣಿನ ಅಳತೆಯನ್ನು ನಂಬಿ. ಕೊನೆಯದಾಗಿ, ಬರೆದ ಮೇಲೆ ನಿಮ್ಮ ಗುಂಪಿನಲ್ಲಿ ಅತಿ ಸಣ್ಣ ಪರದೆ ಇರುವವರ ಹತ್ತಿರ ಕೊಟ್ಟು ಓದಿಸಿ. ಅವರಿಗೆ ಓದಲು ಬಂದರೆ ಎಲ್ಲರಿಗೂ ಬರುತ್ತದೆ.

ಯಾವ ನಿಯಮವನ್ನೂ ‘ಅದು ಹಾಗೆಯೇ’ ಎಂದು ಒಪ್ಪುವುದೂ ಬೇಡ, ‘ಅದು ಹಳೆಯದು’ ಎಂದು ಎಸೆಯುವುದೂ ಬೇಡ. ಎಲ್ಲಿಂದ ಬಂತು, ಈಗ ಯಾರಿಗೆ ಉಪಯೋಗ, ಯಾರನ್ನು ಹೊರಗಿಡುತ್ತದೆ — ಈ ಮೂರು ಪ್ರಶ್ನೆ ಕೇಳುವುದನ್ನು ಮಕ್ಕಳು ಕಲಿತರೆ ಸಾಕು. 80ರ ಗೆರೆ ಅವರಿಗೆ ಒಂದು ಒಳ್ಳೆಯ ಪಾಠವಾಗುತ್ತದೆ.